ಮೈಲುತುತ್ತ ತಿಂದ ಪಿಕಪ್ಪನ್ನು 80 ಸಾವಿರದಲ್ಲಿ ಎಬ್ಬಿಸಿದ್ದು

ಗಾಡಿ ನೋಡಲು ಹೋದವನು ಹಿಂದಿನ ತೊಟ್ಟಿಗೆ ಹತ್ತಿ ನಿಂತೆ, ಬಲಗಾಲು ತಗಡು ಸೀಳಿಕೊಂಡು ಕೆಳಗಿಳಿಯಿತು. ಮಾರುವವರು ಮೆಲ್ಲಗೆ ಬೇರೆ ಕಡೆ ನೋಡಿದರು. ತೂತಿನ ಅಂಚಿನಲ್ಲಿ ತಾಮ್ರದ ಕೆಂಪು ಪೊರೆ, ಸುತ್ತ ಹಸಿರು ಕಲೆ. ಅಡಿಕೆ ತೋಟ ಇರುವವರಿಗೆ ಅದೇನೆಂದು ಹೇಳಬೇಕಾಗಿಲ್ಲ. ಅಡಿಕೆಯ ಕೊಳೆರೋಗದ ಔಷಧಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕರಗಿಸಿದ ಡ್ರಮ್ಮು ವರ್ಷಾನುಗಟ್ಟಲೆ ಅಲ್ಲೇ ತುಳುಕಿದೆ. ಮೈಲುತುತ್ತದ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ಇಡಬೇಡ ಅಂತ ಅಪ್ಪ ಬಯ್ಯುತ್ತಿದ್ದುದು ಇದಕ್ಕೇ. ನೀರಿನಲ್ಲಿದ್ದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ.

ಅದೇ ತೂತು ತೋರಿಸಿ 85 ಸಾವಿರದ ಗಾಡಿಯನ್ನು 70ಕ್ಕೆ ಇಳಿಸಿದೆ. 2007ರ ಮಹೀಂದ್ರ ಪಿಕಪ್, 2523 ಸಿಸಿ ಡಿಐ ಎಂಜಿನ್, ಹಳದಿ ಬೋರ್ಡು. ರಿಪೇರಿಗೆ ಅಂತ ಎತ್ತಿಟ್ಟದ್ದು 80 ಸಾವಿರ. ಆ ವರ್ಷದ ಅಡಿಕೆಯಲ್ಲಿ ಅದಕ್ಕಿಂತ ಹೆಚ್ಚು ಉಳಿದಿರಲಿಲ್ಲ.

ನಮ್ಮ ತೀರ್ಥಹಳ್ಳಿ ಕಡೆ ಹಳೇ ಪಿಕಪ್ ಕೊಳ್ಳುವವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ. ನಾನು ಮೊದಲು ಕೇಳುವುದು, ಇಷ್ಟು ವರ್ಷ ಏನು ಹೊತ್ತಿದೆ ಅಂತ. ಮಲ್ಪೆಯಿಂದ ಘಾಟಿ ಹತ್ತಿ ಮೀನು ತರುತ್ತಿದ್ದ ಗಾಡಿಯಾದರೆ ಪುಕ್ಕಟೆ ಕೊಟ್ಟರೂ ಬೇಡ. ಐಸು ಕರಗಿದ ಉಪ್ಪುನೀರು ಗಾಡಿಯ ಬೆನ್ನೆಲುಬಾದ ಚಾಸಿಯ ಸಂದುಸಂದಿಗೂ ಇಳಿದಿರುತ್ತದೆ. ಗೊಬ್ಬರ ಹೊತ್ತದ್ದೂ ಹೆಚ್ಚುಕಡಿಮೆ ಅದೇ ಜಾತಿ. ನಾವು ತೋಟಕ್ಕೆ ಹಾಕುವ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಇಟ್ಟಿಗೆ, ಜಲ್ಲಿ ಹೊತ್ತ ಗಾಡಿಯಲ್ಲಿ ತುಕ್ಕು ಕಡಿಮೆ, ಆದರೆ ಪಾಟಾ (ಭಾರ ಹೊರುವ ಪಟ್ಟಿ ಸ್ಪ್ರಿಂಗು) ಸೋತಿರುತ್ತದೆ, ಹಿಂದಿನ ಆಕ್ಸಲಿನ ಹೌಸಿಂಗ್ ಗೊರಗೊರ ಅನ್ನುತ್ತದೆ. ಪಾಟಾ ಬದಲಾಯಿಸಬಹುದು. ಚಾಸಿ ಆಗದು.

ಕೈಯಲ್ಲಿ ಒಂದು ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಬಟ್ಟೆ ಸುತ್ತಿದ ಅಯಸ್ಕಾಂತ ಇರಲಿ. ಅಯಸ್ಕಾಂತ ಅಂಟದ ಜಾಗದಲ್ಲಿ ತಗಡಿಲ್ಲ, ಪುಟ್ಟಿ ಇದೆ. ಕ್ಯಾಬಿನ್ನಿನ ರಬ್ಬರ್ ಮ್ಯಾಟ್ ಎತ್ತಿಸಿ ನೋಡಿ, ಮಾರುವವರು ಎಷ್ಟೇ ಮುಖ ಸಿಂಡರಿಸಲಿ. ಡೋರಿನ ತಳ, ಬ್ಯಾಟರಿ ಕೂರುವ ತಟ್ಟೆ, ಕ್ಯಾಬಿನ್ ಕೂತಿರುವ ಬ್ರಾಕೆಟ್ಟು, ಪಾಟಾ ನೇತುಹಾಕಿರುವ ಜಾಗ, ಎಲ್ಲವನ್ನೂ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ದಬ್ ಅನ್ನುತ್ತದೆ. ಚಾಸಿಯ ಉದ್ದದ ಎರಡು ಕಂಬಗಳಲ್ಲಿ ಎಲ್ಲಾದರೂ ದಬ್ ಅಂದರೆ ಚಹಾ ಕುಡಿದು ಮನೆಗೆ ಬನ್ನಿ.

ಕಾಗದಪತ್ರದ ಮಾತು ಚಿಕ್ಕದು. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ಒಂದೊಂದೇ ಅಕ್ಷರ ಹೋಲಿಸಿ. ಸಾಲದ ನಮೂದಿದ್ದರೆ ಸಾಲ ತೀರಿತೆಂಬ ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರಂ 35 ಸಿಗುವ ತನಕ ದುಡ್ಡು ಬಿಚ್ಚಬೇಡಿ. ಹಳದಿ ಬೋರ್ಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಫಿಟ್‌ನೆಸ್ ಸರ್ಟಿಫಿಕೇಟ್. 15 ವರ್ಷ ದಾಟಿದ್ದಕ್ಕಂತೂ 2022ರ ಏಪ್ರಿಲ್‌ನಿಂದ ಶುಲ್ಕ ಹಲವು ಪಟ್ಟು ಏರಿದೆ. ಥರ್ಡ್ ಪಾರ್ಟಿ ವಿಮೆಗೆ ಜಿಎಸ್‌ಟಿ ಬಿಟ್ಟೇ 16 ಸಾವಿರದ ಮೇಲೆ ಬೇಕು. ಇವೆರಡನ್ನೂ ರಿಪೇರಿ ದುಡ್ಡಿಗೆ ಸೇರಿಸಬೇಡಿ, ಬೇರೆ ಲಕೋಟೆಯಲ್ಲಿಡಿ. ಗಾಡಿ ಫಳಫಳ ಹೊಳೆಯುತ್ತಾ ಎಫ್‌ಸಿ ಇಲ್ಲದೆ ಕೊಟ್ಟಿಗೆಯಲ್ಲಿ ನಿಂತದ್ದನ್ನು ಎರಡು ಮನೆಯಲ್ಲಿ ನೋಡಿದ್ದೇನೆ.

ಕೆಲಸದ ಸರದಿ ಹೀಗಿಟ್ಟುಕೊಂಡೆ: ನಿಲ್ಲಬೇಕು, ತಿರುಗಬೇಕು, ಓಡಬೇಕು, ಕೊನೆಗೆ ಚಂದ ಕಾಣಬೇಕು. ಬ್ರೇಕಿಗೆ 9,200 ಆಯಿತು. ಚಕ್ರದ ಬ್ರೇಕ್ ಡ್ರಮ್ಮು ಬಿಚ್ಚಿ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಬೆರಳಿನಲ್ಲಿ ಎತ್ತಿ ನೋಡಿ, ಒಳಗೆ ಒದ್ದೆಯಿದ್ದರೆ ಸಿಲಿಂಡರನ್ನೇ ಬದಲಿಸಿ. ಎಣ್ಣೆ ಕುಡಿದ ಲೈನರನ್ನು ಬೆಂಕಿ ತೋರಿಸಿ ಮತ್ತೆ ಹಾಕುವವರಿದ್ದಾರೆ. ಅವರು ಆಗುಂಬೆ ಘಾಟಿ ಇಳಿಯುವಾಗ ನಾನು ಮುಂದೆ ಇರಲಾರೆ. ಬ್ರೇಕ್ ಆಯಿಲ್ ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಹೊಯ್ದರೆ ಒಳಗಿನ ರಬ್ಬರೆಲ್ಲ ಊದಿಕೊಂಡು ಬ್ರೇಕೇ ಇಲ್ಲದಾಗುತ್ತದೆ. ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ (ಚಕ್ರದ ಬಳಿ ಗಾಳಿ ಬಿಡುವ ತಿರುಪು) ಸಡಿಲಿಸಿ ಮತ್ತೆ ಬಿಗಿ ಮಾಡಿದ ಮೇಲೇ ಕಾಲು ತೆಗೆಯಬೇಕು. ನಮ್ಮನೆಯಲ್ಲಿ ಒತ್ತಿದವಳು ಹೆಂಡತಿ. "ಬಿಡು" ಅಂದದ್ದು ತನಗೋ ನಿಪ್ಪಲಿಗೋ ಅಂತ ಒಂದು ಸಂಜೆ ಪೂರ್ತಿ ಜಗಳ ನಡೆಯಿತು.

ಗಾಡಿ ಎತ್ತುವಾಗ ಜಾಕಿಯೊಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಊರ ಕಡೆ ಕೈಗೆ ಸಿಗುವುದು ಚಿರೆಕಲ್ಲು. ಅದರ ಮೇಲೆ ಗಾಡಿ ಕೂರಿಸಿದರೆ ಯಾವಾಗ ಪುಡಿಯಾಗುತ್ತದೆ ಹೇಳಲಾಗದು. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪ ಮರದ ತುಂಡುಗಳನ್ನು ಅಡ್ಡ, ಉದ್ದ, ಅಡ್ಡ ಅಂತ ಪೇರಿಸಿ.

ಸ್ಟಿಯರಿಂಗಿನ ಕೀಲು, ಪಾಟಾದ ಬುಷ್ಷು ಸೇರಿ 7,400. ನಾಲ್ಕು ಹೊಸ ಟೈರಿಗೆ 22 ಸಾವಿರ. ಟೈರಿನ ವಯಸ್ಸು ಅದರ ಪಕ್ಕೆಯಲ್ಲೇ ಬರೆದಿರುತ್ತದೆ. ನಾಲ್ಕು ಅಂಕಿ 2316 ಅಂತಿದ್ದರೆ 2016ರ 23ನೇ ವಾರದ್ದು. ಮೈಮೇಲಿನ ಗೀರು ಇನ್ನೂ ಆಳವಿದೆ ಅಂತ ಹತ್ತು ವರ್ಷದ ಟೈರು ಕೊಳ್ಳಬೇಡಿ. ಗುಜರಿಯಿಂದ ಡೋರು, ಗಾಜು, ಸೀಟು, ಬಂಪರ್ ತನ್ನಿ. ಬ್ರೇಕು, ಸ್ಟಿಯರಿಂಗಿನ ಒಂದು ನಟ್ಟೂ ಬೇಡ. ಹೊಸ ಸಾಮಾನಿಗೆ ಊರಿನ ಅಂಗಡಿಯಲ್ಲಿ ಕೇಳಿ, ಬೆಂಗಳೂರಿನ ಜೆ.ಸಿ. ರಸ್ತೆಯ ಗಾಡಿ ಸಾಮಾನಿನ ಅಂಗಡಿಗಳಿಗೂ ಫೋನ್ ಹಚ್ಚಿ. ಬಸ್ ಪಾರ್ಸಲ್ ಖರ್ಚು ಸೇರಿಸಿದರೂ ಕೆಲವಕ್ಕೆ ಅಲ್ಲೇ ಅಗ್ಗ.

ಎಂಜಿನ್ನಿನ ವಿಷಯದಲ್ಲಿ ನಾನೇ ಪೆದ್ದನಾದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು, ಬಿಳಿ ಹೊಗೆ ಬೇರೆ. ಒಂದು ಗ್ಯಾರೇಜಿನಲ್ಲಿ "ಎಂಜಿನ್ ಬಿಚ್ಚಲೇಬೇಕು, 45 ಸಾವಿರ" ಅಂದರು. ಅಷ್ಟಿಲ್ಲ ಅಂದಾಗ ಸೆಲ್ಫ್ ಮೋಟಾರ್ ರಿಪೇರಿ ಮಾಡಿಸಿ 3,600 ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಗ. ಒಂದು ದಿನ ಡೀಸೆಲ್ ಫಿಲ್ಟರಿನ ಮೇಲಿನ ಕೈಪಂಪನ್ನು ಸುಮ್ಮನೆ ಇಪ್ಪತ್ತು ಸಲ ಒತ್ತಿ ಕೀಲಿ ತಿರುಗಿಸಿದೆ, ಥಟ್ಟನೆ ಹೊತ್ತಿಕೊಂಡಿತು. ರಾತ್ರಿ ಪೈಪಿನೊಳಗೆ ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ವಾಪಸು ಇಳಿಯುತ್ತಿದೆ ಅಂತ ಆಗ ಹೊಳೆಯಿತು. ಫಿಲ್ಟರಿಗೆ ಬರುವ ಕಡೆ ಒಂದು ಗೇಣು ಪಾರದರ್ಶಕ ಪೈಪು ಸಿಕ್ಕಿಸಿ ನೋಡಿದರೆ ಗುಳ್ಳೆಗಳ ಮೆರವಣಿಗೆ. ಟ್ಯಾಂಕಿನ ಬಳಿ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಬದಲಾಯಿಸಲು 60 ರೂಪಾಯಿ. ಆಮೇಲೆ ಟ್ಯಾಂಕ್ ಇಳಿಸಿ ತೊಳೆದೆ, ಫಿಲ್ಟರ್ ಬದಲಿಸಿದೆ, ಡೀಸೆಲ್ ಚಿಮ್ಮಿಸುವ ನಾಝಲ್ ಟೆಸ್ಟ್ ಮಾಡಿಸಿ, ವಾಲ್ವಿನ ಟ್ಯಾಪೆಟ್ ಸೆಟ್ ಮಾಡಿಸಿದೆ. ಎಲ್ಲ ಸೇರಿ 5,500. ಓಡುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬಂದರೆ, ನೀಲಿ ಹೊಗೆ ನಿಲ್ಲದಿದ್ದರೆ, ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಮಾತ್ರ ಬಿಚ್ಚುವ ಮಾತು.

ವೈರಿಂಗಿಗೆ 1,800, ಬ್ಯಾಟರಿಗೆ 6,500. ಲೈಟು ಮಂಕಾಗಿದ್ದರೆ ಬಲ್ಬನ್ನು ಬಯ್ಯುವ ಮೊದಲು ಅರ್ತ್ ವೈರು ಚಾಸಿಗೆ ಸೇರುವ ಜಾಗವನ್ನು ಉಜ್ಜಿ ಹೊಳೆಯುವಂತೆ ಮಾಡಿ. ಅರ್ಧ ರೋಗ ಅಲ್ಲೇ ವಾಸಿ.

ಇನ್ನು ತಗಡು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಕಬ್ಬಿಣ ಒಣಗುವುದೇ ಇಲ್ಲ. ಆದ್ದರಿಂದ ಈ ಕೆಲಸ ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿ-ಮಾರ್ಚಿನ ಬಿಸಿಲಲ್ಲಿ. ಮೊದಲು ತೊಟ್ಟಿಯನ್ನು ಚಾಸಿಯಿಂದ ಎತ್ತಿಸಿ. ಎರಡರ ನಡುವೆ ಇಟ್ಟ ಮರದ ಪಟ್ಟಿ ನೀರು ಹೀರಿ ಅಲ್ಲೇ ಕೊಳೆಯುತ್ತಿರುತ್ತದೆ, ಮೇಲಿನಿಂದ ನೋಡಿದರೆ ತಿಳಿಯದು. ಮೈಲುತುತ್ತದ ಅಂಶ ಉಳಿದರೆ ಹೊಸ ತಗಡನ್ನೂ ತಿನ್ನುತ್ತದೆ, ಹಾಗಾಗಿ ಸುಣ್ಣದ ತಿಳಿನೀರು ಹೊಯ್ದು ತಿಕ್ಕಿ ತೊಳೆದೆ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆ ಔಷಧಿ) ಹದವಾಯಿತೇ ಎಂದು ನೋಡಲು ಕತ್ತಿ ಅದ್ದುತ್ತೇವಲ್ಲ, ಅದನ್ನೇ ಇಲ್ಲೂ ಮಾಡಿದೆ: ತೊಳೆದ ನೀರಿನಲ್ಲಿ ಉಜ್ಜಿದ ಕತ್ತಿ ಇಟ್ಟು, ಅಲಗಿಗೆ ಕೆಂಪು ಹತ್ತುವುದು ನಿಲ್ಲುವ ತನಕ ತೊಳೆದೆ.

ತುಕ್ಕಿನ ಮೇಲೆ ತಗಡು ಹೊದಿಸುವುದು ಟಿಂಕರಿಂಗಿನವರಿಗೆ ಸುಲಭ, ನಿಮಗೆ ಎರಡೇ ಮಳೆಗಾಲಕ್ಕೆ ಮತ್ತೆ ಖರ್ಚು. ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಲು ಹೇಳಿ, ಪಕ್ಕದಲ್ಲೇ ಕೂತಿರಿ. ಕ್ಯಾಬಿನ್ ತಳಕ್ಕೆ 18 ಗೇಜ್ ತಗಡು ಸಾಕು. ಒಂದೇ ಕಡೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕಿ ವೆಲ್ಡಿಂಗ್ ಇಟ್ಟರೆ ಸೊಟ್ಟಗಾಗುವುದಿಲ್ಲ. ವೆಲ್ಡಿಂಗಿಗೆ ಮೊದಲು ಬ್ಯಾಟರಿ, ಡೈನಮೋ ವೈರು ಬಿಚ್ಚಿ, ಡೀಸೆಲ್ ಟ್ಯಾಂಕ್ ಇಳಿಸಿ, ಹತ್ತಿರ ಒದ್ದೆ ಗೋಣಿ ಇಡಿ. ತೊಟ್ಟಿಯ ತಳಕ್ಕೆ ಶಿವಮೊಗ್ಗದ ಗುಜರಿಯಿಂದ 3 ಮಿ.ಮೀ. ಚೆಕ್ಕರ್ ಪ್ಲೇಟು ತೂಕಕ್ಕೆ ತಂದೆ. ಚದರ ಮೀಟರಿಗೆ ಸುಮಾರು 24 ಕೆಜಿ ಬರುತ್ತದೆ, ಹಾಗಾಗಿ ತೂತಾದ ಹಿಂಭಾಗಕ್ಕೆ ಮಾತ್ರ ಹಾಕಿಸಿದೆ. ಒಟ್ಟು 18 ಸಾವಿರ. ಡೋರಿನ ತಳದಲ್ಲಿ ನೀರಿಳಿಯುವ ಸಣ್ಣ ತೂತುಗಳಿರುತ್ತವೆ; ಬಣ್ಣದವರು ಅವನ್ನು ಪುಟ್ಟಿ ಹಾಕಿ ನೀಟಾಗಿ ಮುಚ್ಚುತ್ತಾರೆ, ಮೊಳೆ ಹಿಡಿದು ಕಾಯಬೇಕು.

ಬಣ್ಣಕ್ಕೆ 6,000. ಪ್ರೈಮರ್ ಒಳಮೈಗೆ ಎರಡು ಸಲ, ಹೊರಗೆ ಸಾಧಾರಣ ಬಿಳಿ. ಹತ್ತಿರದಿಂದ ನೋಡಿದರೆ ಅಲೆ ಅಲೆಯಾಗಿದೆ, ಹತ್ತಿರದಿಂದ ನೋಡಬೇಡಿ.

ಎಫ್‌ಸಿಗೆ ಹೋಗುವ ಹಿಂದಿನ ದಿನ ಹಾರ್ನು, ವೈಪರು, ಇಂಡಿಕೇಟರು, ಕೈಬ್ರೇಕು ನೋಡಿಕೊಂಡು ಹೊಳೆಯುವ ಪಟ್ಟಿ ಅಂಟಿಸಿ: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ನನ್ನದು ಮೇ ತಿಂಗಳಲ್ಲಿ ಪಾಸಾಯಿತು. ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ ಕೂಡಿದರೆ, ಸೆಲ್ಫ್ ಮೋಟಾರಿಗೆ ದಂಡವಾದ ಆ 3,600 ಸೇರಿ ಸರಿಯಾಗಿ 80 ಸಾವಿರ. 60 ರೂಪಾಯಿಯ ಪೈಪಿನ ದುಡ್ಡು ಹೆಂಡತಿ ಕೊಟ್ಟದ್ದು, ಇನ್ನೂ ತೀರಿಸಿಲ್ಲ. ಮೈಲುತುತ್ತ ಈಗ ತೋಟದಲ್ಲೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗುತ್ತದೆ. ಗಾಡಿ ಹತ್ತುವುದು ಒಣ ಹರಳಿನ ಚೀಲ ಮಾತ್ರ, ಅದೂ ಕೆಳಗೆ ಟಾರ್ಪಾಲು ಹಾಸಿದ ಮೇಲೆ.