'ಟೀಕೆಗಳು' ಬಾಯಿಪಾಠ ಬಿಡಿಸಿದ್ದು: ದಾವಣಗೆರೆಯಲ್ಲಿ ಡರ್ಖೀಮ್, ಮಾರ್ಕ್ಸ್, ವೆಬರ್

ಸಮಾಜಶಾಸ್ತ್ರದಲ್ಲಿ ಶಾಸ್ತ್ರೀಯ ಸಿದ್ಧಾಂತಗಳ ಪತ್ರಿಕೆ ಪಾಠ ಮಾಡುವವರಿಗೆಲ್ಲ 'ಟೀಕೆಗಳು' ಎಂಬ ತಲೆಬರಹದ ಕೆಳಗೆ ಬಾಯಿಪಾಠ ಒಪ್ಪಿಸುವ ಆ ಐದು ಅಂಶಗಳು ಗೊತ್ತು. ಏಕಪಕ್ಷೀಯ, ಅತಿ ಸಾಮಾನ್ಯೀಕರಣ, ಪುರಾವೆ ಸಾಲದು ಇತ್ಯಾದಿ. ಯಾವ ಚಿಂತಕನ ಕೆಳಗೆ ಬರೆದರೂ ನಡೆಯುತ್ತದೆ, ಅದೇ ಅದರ ದೋಷ. ಇದನ್ನು ಎಂ.ಎ. ಹುಡುಗರಿಂದ ಬಿಡಿಸಿ, ಸಿದ್ಧಾಂತವನ್ನು ನಮ್ಮ ಜಿಲ್ಲೆಯಲ್ಲೇ ಒರೆಗೆ ಹಚ್ಚಿ ಒಂದು ಹಾಳೆಯಲ್ಲಿ ಬರೆಯುವಂತೆ ಮಾಡಲು ನಾಲ್ಕು ವರ್ಷ ಹಿಡಿಯಿತು. 'ಊರು ಸುತ್ತಿಸಿದರೆ ಅಂಕ ಬರಲ್ಲ ಸರ್' ಎಂದವರು ಈಗ ಹಾಳೆಯ ಮಾದರಿ ಕೇಳಿ ಒಯ್ಯುತ್ತಿದ್ದಾರೆ. ಕಳೆದೆರಡು ಬ್ಯಾಚಿನಲ್ಲಿ ಈ ಪತ್ರಿಕೆಗೆ ಕೂತು ಫೇಲಾದವರು ಒಬ್ಬರೋ ಇಬ್ಬರೋ.

ಒಂದು ಎ4 ಹಾಳೆ, ನಾಲ್ಕು ಮನೆ. ಮೊದಲ ಮನೆಯಲ್ಲಿ ಸಿದ್ಧಾಂತದ ಮಾತು ಒಂದೇ ವಾಕ್ಯದಲ್ಲಿ, 'ಹೀಗಾದರೆ ಹಾಗಾಗುತ್ತದೆ' ಎಂಬ ರೂಪದಲ್ಲಿ. ಎರಡನೆಯದರಲ್ಲಿ ಜಿಲ್ಲೆಯೊಳಗೆ ಅದನ್ನು ಒರೆಗೆ ಹಚ್ಚುವ ಜಾಗ. ಮೂರನೆಯದರಲ್ಲಿ ಮುರಿದದ್ದು ಯಾವುದು: ಪರಿಕಲ್ಪನೆಯೋ, ಮಾಹಿತಿಯೋ, ಕಾರಣ-ಪರಿಣಾಮದ ಕೊಂಡಿಯೋ. ನಾಲ್ಕನೆಯದರಲ್ಲಿ ಆ ಚಿಂತಕ ಕೊಡಬಹುದಾದ ಉತ್ತರ. ವಿಮರ್ಶಕರ ಹೆಸರು ಹಾಳೆಯ ಹಿಂಬದಿಗೆ, ಎಲ್ಲಕ್ಕೂ ಕೊನೆಗೆ. ಮೊದಲ ವರ್ಷ ಆರು ಸಾವಿರ ಖರ್ಚು ಮಾಡಿ ಪುಸ್ತಿಕೆ ಮಾಡಿಸಿದ್ದೆ. ಹೆಸರುಗಳು ಮೊದಲ ಪುಟದಲ್ಲೇ ಇದ್ದವು. ಹುಡುಗರು ಹೆಸರು ನಕಲು ಮಾಡಿ ಯೋಚನೆ ನಿಲ್ಲಿಸಿದರು, ಅಷ್ಟೂ ದುಡ್ಡು ನೀರಿಗೆ. ಈಗ ಬರೀ ಜೆರಾಕ್ಸ್: ವರ್ಷಕ್ಕೆ ಸುಮಾರು ಮೂರು ಸಾವಿರ, ಕೈಯಿಂದಲೇ.

ಡರ್ಖೀಮ್ ಪಾಠದಲ್ಲಿ ಆದ ತಪ್ಪು ದೊಡ್ಡದು. ಸಮಾಜದ ಬೆಸುಗೆ ಹೆಚ್ಚಿದಲ್ಲಿ ಆತ್ಮಹತ್ಯೆ ಕಡಿಮೆ ಎನ್ನುವ ಅವನ 1897ರ ಅಧ್ಯಯನವನ್ನು ಒರೆಗೆ ಹಚ್ಚಲು ಹೊರಟ ಎರಡು ಗುಂಪು ಸಾವಾದ ಮನೆಗಳ ಬಾಗಿಲು ತಟ್ಟಿತು. ದುಃಖದ ಮನೆ ಅಸೈನ್‌ಮೆಂಟಿಗೆ ಅಲ್ಲ; ಅದೇ ವಾರ ನಿಲ್ಲಿಸಿದೆ. ಈಗ ಹೆಸರು ಕತ್ತರಿಸಿ ತೆಗೆದ ಪತ್ರಿಕಾ ತುಣುಕು ಮತ್ತು ಪರಿಹಾರದ ನಿಯಮ, ಎರಡೇ ಸಾಕು. ತುಣುಕುಗಳಲ್ಲಿ 'ಹೊಟ್ಟೆನೋವು ತಾಳಲಾರದೆ', 'ಸಾಲಬಾಧೆ', 'ಜೀವನದಲ್ಲಿ ಜಿಗುಪ್ಸೆ' ಎಂಬ ಸಿದ್ಧ ಕಾರಣಗಳೇ ಮರಳಿ ಮರಳಿ ಬರುತ್ತವೆ. ಇತ್ತ ರೈತ ಆತ್ಮಹತ್ಯೆಗೆ 5 ಲಕ್ಷ ಪರಿಹಾರ ಸಿಗಬೇಕಾದರೆ ಉಪವಿಭಾಗಾಧಿಕಾರಿ ಸಮಿತಿ ಅರ್ಹ, ಅನರ್ಹ ಎಂದು ವಿಂಗಡಿಸುತ್ತದೆ. ಒಂದೇ ಸಾವಿಗೆ ಎರಡು ಕಡತದಲ್ಲಿ ಎರಡು ಕಾರಣ ಬೀಳಬಹುದು. ಹುಡುಗರು ಇಲ್ಲಿಗೇ 'ಡರ್ಖೀಮ್ ತಪ್ಪು' ಎಂದು ಬರೆದುಬಿಡುತ್ತಾರೆ. ನಾಲ್ಕನೇ ಮನೆ ಇರುವುದು ಅದಕ್ಕೇ. ದಾಖಲೆಯಲ್ಲಿರುವ ಕಾರಣಗಳು ಅಧಿಕಾರಿಗಳ ಅಭಿಪ್ರಾಯವಷ್ಟೇ ಎಂದು ಡರ್ಖೀಮ್ ತಾನೇ ಅವನ್ನು ಬದಿಗಿಟ್ಟು, ಬರೀ ಸಾವಿನ ಎಣಿಕೆ ಹಿಡಿದಿದ್ದ. ಹಾಗಾಗಿ ಪೆಟ್ಟು ಎಣಿಕೆಗೇ ಬೀಳಬೇಕು: ಬಂಧ ಬಿಗಿಯಾಗಿರುವ ಕುಟುಂಬ, ಸಮುದಾಯ ಇಂಥ ಸಾವನ್ನು ಮುಚ್ಚಿಡುವುದು ಹೆಚ್ಚು. ಆಗ 'ಬೆಸುಗೆ ಹೆಚ್ಚಿದಲ್ಲಿ ಆತ್ಮಹತ್ಯೆ ಕಡಿಮೆ' ಎಂಬುದು 'ಬೆಸುಗೆ ಹೆಚ್ಚಿದಲ್ಲಿ ದಾಖಲೆ ಕಡಿಮೆ' ಎಂದೂ ಆಗಬಹುದಲ್ಲ? ಇಷ್ಟು ಬರೆದ ಮೇಲೆ ಹಾಳೆ ತಿರುಗಿಸಿ, ಇದೇ ಟೀಕೆ ಮಾಡಿದ ಸಮಾಜಶಾಸ್ತ್ರಜ್ಞನ ಹೆಸರು: ಜ್ಯಾಕ್ ಡಗ್ಲಸ್, 1967.

ಮಾರ್ಕ್ಸ್‌ಗೆ 1853ರ ನ್ಯೂಯಾರ್ಕ್ ಟ್ರಿಬ್ಯೂನ್ ಲೇಖನವೇ ಸಾಕು. ರೈಲಿನಿಂದ ಹುಟ್ಟುವ ಕೈಗಾರಿಕೆ ಜಾತಿ ನಿಂತಿರುವ ವಂಶಪಾರಂಪರ್ಯ ಶ್ರಮವಿಭಜನೆಯನ್ನು ಕರಗಿಸುತ್ತದೆ ಎಂದು ಅದರಲ್ಲಿದೆ. ದಾವಣಗೆರೆಗೆ ರೈಲು ಬಂತು, ಹತ್ತಿ ಬಂತು, ಮಿಲ್ಲುಗಳು ಬಂದು ಮುಚ್ಚಿದವು. ನಿವೃತ್ತ ಕಾರ್ಮಿಕರಿಗೆ ಇಪ್ಪತ್ತು ಪ್ರಶ್ನೆಯ ಫಾರ್ಮ್ ಹಿಡಿದರೆ ಎಂಟನೆಯದಕ್ಕೆ ಎದ್ದು ಹೋಗುತ್ತಿದ್ದರು. ಈಗ ಮೂರೇ ಪ್ರಶ್ನೆ. ಒಂದು, 'ನಿಮ್ಮನ್ನ ಮಿಲ್ಲಿಗೆ ಸೇರಿಸಿದ್ದು ಯಾರು?' ಮಾವ, ಚಿಕ್ಕಪ್ಪ, ಊರಿನವರು ಎಂಬ ಉತ್ತರವೇ ಹೆಚ್ಚು. ಅಂದರೆ ಮಿಲ್ಲು ಬಂದರೂ ಹಳೆಯ ನಂಟು ಕರಗಲಿಲ್ಲ. ಉಳಿದೆರಡು ನನ್ನಲ್ಲೇ ಇರಲಿ. ಹಿಂಬದಿಗೆ ಅಂಬೇಡ್ಕರ್, 1936: ಜಾತಿ ಬರೀ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆ. ಮುಂಬೈ ಮಿಲ್ಲುಗಳಲ್ಲಿ ಲಾಳಿಯ ದಾರವನ್ನು ಬಾಯಿಂದ ಎಳೆಯಬೇಕೆಂಬ ಕಾರಣಕ್ಕೆ ನೇಯ್ಗೆ ವಿಭಾಗ ದಲಿತರಿಗೆ ಮುಚ್ಚಿತ್ತು ಎಂಬುದನ್ನು ಇಲ್ಲೇ ಸೇರಿಸಬೇಕು.

ನಡುವೆ ಮಂಡಕ್ಕಿ ಭಟ್ಟಿಯಲ್ಲೂ ಒಂದು ಪ್ರಯೋಗ ನಡೆಯಿತು. ಭಟ್ಟಿ ನಡೆಸುವವನೇ ಒಲೆ ಮುಂದೆ ನಿಂತಿರುವಾಗ ಅವನು ಯಾವ ವರ್ಗ? ಪ್ರಶ್ನೆ ಬಹಳ ಒಳ್ಳೆಯದು. ಆದರೆ ಕೆಲಸದ ಹೊತ್ತಿಗೆ ಹೋದದ್ದರಿಂದ ರೆಕಾರ್ಡಿಂಗ್ ಪೂರ್ತಿ ಸದ್ದೇ, ಒಂದು ಮಾತೂ ಕೇಳಲಿಲ್ಲ. ಒಲೆ ಆರಿದ ಮೇಲೆ ಹೋಗಿ.

ಎಲ್ಲರೂ ಎಡವುವುದು ವೆಬರ್ ಬಳಿ. ಧರ್ಮಶ್ರದ್ಧೆಯ ದುಡಿಮೆ, ಮಿತವ್ಯಯ, ಮಿಕ್ಕಿದ್ದು ಮತ್ತೆ ಬಂಡವಾಳ, ಹೀಗೆ ಬಂಡವಾಳಶಾಹಿಗೆ ಇಂಬು ಸಿಕ್ಕಿತು ಎಂಬ 1904-05ರ ಪ್ರಾಟೆಸ್ಟೆಂಟ್ ನೀತಿಯ ವಾದ ಓದಿದ ಕೂಡಲೇ ನಮ್ಮ ಭಾಗದ ಹುಡುಗರು 'ಕಾಯಕ ನಮ್ಮಲ್ಲೇ 12ನೇ ಶತಮಾನದಲ್ಲಿತ್ತು, ವೆಬರ್ ಬಿದ್ದ' ಎನ್ನುತ್ತಾರೆ. ಎರಡು ವರ್ಷ ಅದನ್ನೇ ಸರಿ ಎಂದು ಗುರುತು ಹಾಕಿದ್ದು ನನ್ನ ತಪ್ಪು. ಕಾಯಕವೇ ಕೈಲಾಸ ಎಂದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಆಸೆ ಅರಸರಿಗೆ ಇರಲಿ, ಶಿವಭಕ್ತರಿಗೇಕೆ ಎಂದು ವಾಪಸು ಸುರಿದು ಬರಲು ಕಳಿಸಿದವಳು ಹೆಂಡತಿ ಲಕ್ಕಮ್ಮ. ದುಡಿಮೆ ಇದೆ, ಮಿತವ್ಯಯ ಇದೆ. ಮಿಕ್ಕಿದ್ದು ಬಂಡವಾಳಕ್ಕಲ್ಲ, ದಾಸೋಹಕ್ಕೆ. ವೆಬರನ ಸರಪಳಿಯ ಕೊನೆಯ ಕೊಂಡಿಯೇ ಇಲ್ಲಿಲ್ಲ. ಅಂದರೆ ಈ ಉದಾಹರಣೆ ಅವನನ್ನು ಬೀಳಿಸುವುದಿಲ್ಲ, 'ನಾನು ಹೇಳಿದ್ದೂ ಇದೇ' ಎನ್ನಲು ಅವನಿಗೆ ಅವಕಾಶ ಕೊಡುತ್ತದೆ. ಅವನನ್ನು ಅಲುಗಾಡಿಸುವ ಪ್ರಶ್ನೆ ಬೇರೆ: ನಂಬಿಕೆಗೂ ಸಂಪತ್ತಿಗೂ ಕೊಂಡಿ ಇದೆಯೆಂದು ತೋರಿಸಿದ್ದು ಎಲ್ಲಿ? ಅದು ಸ್ವೀಡನ್ನಿನ ಆರ್ಥಿಕ ಇತಿಹಾಸಕಾರ ಸ್ಯಾಮುಯೆಲ್ಸನ್ 1957ರಲ್ಲಿ ಹಿಡಿದ ದಾರಿ. ಅದಕ್ಕೆ ತಕ್ಕ ಮಾಹಿತಿ ಎಪಿಎಂಸಿ ವರ್ತಕರಿಂದ ಇನ್ನೂ ಸಿಕ್ಕಿಲ್ಲ, ಲೆಕ್ಕದ ಪುಸ್ತಕ ಯಾರು ತೋರಿಸುತ್ತಾರೆ? ಹಾಗಾಗಿ ವೆಬರ್ ಹಾಳೆಯ ಮೂರನೇ ಮನೆ ಖಾಲಿ ಬಿಟ್ಟು, ಯಾಕೆ ಖಾಲಿ ಎಂದು ಎರಡು ಸಾಲು ಬರೆದವರಿಗೂ ಇಂಟರ್ನಲ್ಸ್‌ನಲ್ಲಿ ಪೂರ್ತಿ ಅಂಕ ಹಾಕುತ್ತಿದ್ದೇನೆ.