ಲೈಬ್ರರಿ ತಾರಸಿಯ ಗಾಳಿ ನಂಬಿ ಕೆಟ್ಟೆ

ಲೈಬ್ರರಿ ತಾರಸಿಯ ಮೇಲೆ ಕರೆಂಟ್ ತಯಾರಿಸುವ ಗಾಳಿಯಂತ್ರ ನಿಲ್ಲಿಸಿದರೆ ಗೇಟಿನಿಂದಲೇ ಕಾಣುತ್ತದೆ ಎಂಬುದು ಪ್ರಿನ್ಸಿಪಾಲರ ಆಸೆ. "ಮೇಲೆ ನಿಂತ್ರೆ ಹಾರಿಹೋಗೋ ಹಾಗೆ ಬೀಸತ್ತಲ್ರೀ, ಇನ್ನೇನು ಅಳೀತೀರಿ?" ಅಂದರು. ಒಂದು ವರ್ಷ ಕೊಡಿ ಸರ್ ಅಂದೆ.

ಮೊದಲ ತಪ್ಪು ನನ್ನದೇ. ಗಾಳಿಯ ವೇಗ ಅಳೆಯುವ ಅನಿಮೋಮೀಟರನ್ನು ಪ್ಯಾರಪೆಟ್ ಗೋಡೆಗೇ ಬಿಗಿದೆ. ಅದರ ಬಟ್ಟಲುಗಳು ಗಿರಗಿರ ತಿರುಗಿದವು, ಅಂಕಿ ನೋಡಿ ನಾವೂ ಉಬ್ಬಿದೆವು. ಆದರೆ ಪಕ್ಕದಲ್ಲಿದ್ದ, ಗಾಳಿಯ ದಿಕ್ಕು ತೋರಿಸುವ ಬಾಲ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಅನುಮಾನ ಬಂದು, ಆರು ಮೀಟರ್ ಪೈಪಿಗೆ ಮೀಟರಿಗೊಂದರಂತೆ ರಿಬ್ಬನ್ ಕಟ್ಟಿ ನಿಲ್ಲಿಸಿದೆವು. ಮೇಲಿನ ಎರಡು ನೆಟ್ಟಗೆ ಒಂದೇ ಕಡೆ ಹಾರಿದವು. ಕೆಳಗಿನವು ಒಮ್ಮೆ ಮೇಲಕ್ಕೆ, ಒಮ್ಮೆ ಹಿಂದಕ್ಕೆ ಹೊಯ್ದಾಡಿ ಪೈಪಿಗೇ ಸುತ್ತಿಕೊಂಡವು. ಗೋಡೆಗೆ ಬಡಿದ ಗಾಳಿ ಅಂಚಿನಲ್ಲಿ ಚಿಮ್ಮಿ ಸುಳಿಯಾಗುತ್ತದೆ. ಮುಖಕ್ಕೆ ರಪ್ಪನೆ ಬಡಿಯುವ ಆ ಗಾಳಿ ರೆಕ್ಕೆಗೆ ದಕ್ಕುವುದಿಲ್ಲ. ಬೇರಿಂಗ್ ಸವೆಸುತ್ತದೆ, ಕಂಪನವನ್ನು ಕೆಳಗಿನ ಓದುವ ಕೋಣೆಗೂ ಇಳಿಸುತ್ತದೆ.

ಸುತ್ತ 150 ಮೀಟರ್ ಒಳಗಿನ ಮರ, ಕಟ್ಟಡಗಳಿಗಿಂತ ರೆಕ್ಕೆಯ ಕೆಳತುದಿ 9 ಮೀಟರಾದರೂ ಮೇಲಿರಬೇಕು ಎಂಬುದು ಸಣ್ಣ ಯಂತ್ರಗಳಿಗೆ ರೂಢಿಯ ಲೆಕ್ಕ. ನಮ್ಮಲ್ಲಿ ಎಷ್ಟು ಮರಗಳಿವೆ ಅಂತ ಗೊತ್ತಾಗಿದ್ದೇ ಆಗ. ತಕ್ಕಮಟ್ಟಿಗೆ ಒಗ್ಗುವ ಜಾಗ ಆಟದ ಮೈದಾನದ ತುದಿಯೊಂದೇ. ಅಲ್ಲಿ 18 ಮೀಟರ್ ಕಂಬ ನೆಟ್ಟೆವು.

ವರ್ಷದ ಸರಾಸರಿ ಬಂದದ್ದು ಸೆಕೆಂಡಿಗೆ 3.2 ಮೀಟರ್. ಬಹುತೇಕ ಯಂತ್ರಗಳು ಕರೆಂಟ್ ಕೊಡಲು ಶುರು ಮಾಡುವುದೇ 3 ಮೀಟರಿನ ಆಸುಪಾಸಿನಲ್ಲಿ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, 5.5 ಮೀಟರ್ ಸಿಕ್ಕಿದ್ದರೆ ಐದು ಪಟ್ಟಾಗುತ್ತಿತ್ತು. ನಮ್ಮ ವೇಗಕ್ಕೆ 3 ಮೀಟರ್ ವ್ಯಾಸದ ರೆಕ್ಕೆಯಿಂದ ವರ್ಷಕ್ಕೆ ಸುಮಾರು 600 ಯೂನಿಟ್, ದಿನಕ್ಕೆ ಒಂದೂವರೆ ಚಿಲ್ಲರೆ. ಲೈಬ್ರರಿಯ ಒಂದು ಎಸಿ ಅದನ್ನು ಗಂಟೆಯೊಂದರಲ್ಲಿ ನುಂಗುತ್ತದೆ.

"ಅಮೆರಿಕದ ಕಾರ್ಲ್‌ಟನ್ ಕಾಲೇಜು 2004ರಲ್ಲೇ 1.65 ಮೆಗಾವ್ಯಾಟ್ ಯಂತ್ರ ಹಾಕಿದೆಯಂತಲ್ಲ?" ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಹೌದು, ಹಾಕಿದೆ. ಕ್ಯಾಂಪಸ್ಸಿನ ಒಳಗಲ್ಲ, ಹೊರಗೆ, ಬಯಲಲ್ಲಿ.

ಕೊನೆಗೆ ತಾರಸಿಗೆ ಸೋಲಾರ್ ಬಂತು. ಮೈದಾನದ ಕಂಬಕ್ಕೆ ಲ್ಯಾಬಿನ ಪ್ರಯೋಗಕ್ಕೆಂದು ಒಂದು ಪುಟ್ಟ ಯಂತ್ರ ಕಟ್ಟಿದ್ದೇವೆ. ಪ್ರಿನ್ಸಿಪಾಲರು ಕೇಳಿದ್ದು ಒಂದೇ ಮಾತು: "ಗೇಟಿನಿಂದ ಕಾಣತ್ತಾ?"

"ಇಲ್ಲ ಸರ್, ಮರ ಅಡ್ಡ ಬರತ್ತೆ."