ಮಾಂಸದ ಹೋರಿಗಳಿಗೆ ಖನಿಜ ಮಿಶ್ರಣ: ನಾನು ಕೊಡುವ ರೀತಿ

ಖನಿಜ ಮಿಶ್ರಣ ಕೊಟ್ಟರೆ ತೂಕ ಜಾಸ್ತಿ ಬರುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಕೊರತೆ ಇದ್ದರೆ ಬರುತ್ತದೆ. ಇಲ್ಲದಿದ್ದರೆ ದುಡ್ಡು ಸಗಣಿಯ ಜೊತೆ ಹೋಗುತ್ತದೆ, ಅಷ್ಟೇ. ಹೊಟ್ಟೆ ತುಂಬ ಮೇವು, ಸಾಕಷ್ಟು ಪ್ರೋಟೀನ್ ಇಲ್ಲದೆ ಬರೀ ಪುಡಿ ಉದುರಿಸಿದರೆ ಹೋರಿ ಬೆಳೆಯುವುದಿಲ್ಲ.

ನಾನು ಮೊದಲು ನೋಡುವುದು ಮೈಗೂದಲು. ಒಂದು ಸಲ ಕೆಲವು ಕಪ್ಪು ಕರುಗಳ ಕೂದಲು ಕೆಂಚಗೆ ತಿರುಗಿ, ಕಣ್ಣಿನ ಸುತ್ತ ಕನ್ನಡಕ ಹಾಕಿದ ಹಾಗೆ ಬಣ್ಣ ಮಾಸಿತ್ತು. ಮೇವು ಚೆನ್ನಾಗೇ ತಿನ್ನುತ್ತಿದ್ದವು, ಆದರೆ ಮೈ ಹಿಡಿಯುತ್ತಿರಲಿಲ್ಲ. ಇದು ತಾಮ್ರದ ಕೊರತೆಯ ಲಕ್ಷಣ. ಪಶುವೈದ್ಯರು ರಕ್ತ ಪರೀಕ್ಷೆ ಒಂದನ್ನೇ ನಂಬಬೇಡಿ ಎಂದರು, ಯಾಕಂದ್ರೆ ಲಿವರ್‌ನಲ್ಲಿ ಕೂಡಿಟ್ಟ ತಾಮ್ರ ಖಾಲಿಯಾಗುವ ತನಕ ರಕ್ತದಲ್ಲಿ ಎಲ್ಲ ಸರಿಯಾಗೇ ಕಾಣುತ್ತದಂತೆ. ಹಾಗಾಗಿ ಮೇವು, ನೀರು ಎರಡನ್ನೂ ಪರೀಕ್ಷೆಗೆ ಕಳಿಸಿದೆ. ಒಂದು ಕೆಜಿ ಒಣ ಆಹಾರಕ್ಕೆ ಸುಮಾರು 10 ಮಿಲಿಗ್ರಾಂ ತಾಮ್ರ ಸಾಕು ಅನ್ನುವುದು ಸಾಮಾನ್ಯ ಲೆಕ್ಕ, ನಮ್ಮ ಮೇವಿನಲ್ಲಿ ಅಷ್ಟು ಇತ್ತು. ತೊಂದರೆ ಇದ್ದದ್ದು ನೀರಿನಲ್ಲಿ, ಸಲ್ಫೇಟ್ ಅಂದರೆ ಗಂಧಕ ಇರುವ ಲವಣ ವಿಪರೀತ. ಈ ಗಂಧಕದ ಜೊತೆ ಮೇವಿನಲ್ಲಿರುವ ಮಾಲಿಬ್ಡಿನಮ್ ಅನ್ನುವ ಖನಿಜ ಸೇರಿದರೆ ಹೊಟ್ಟೆಯಲ್ಲೇ ತಾಮ್ರವನ್ನು ಹಿಡಿದುಬಿಡುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಬೇರೆ ನೀರು ಕೊಟ್ಟು, ವೈದ್ಯರು ಹೇಳಿದಷ್ಟು ತಾಮ್ರ ಸೇರಿಸಿದ ಮೇಲೆ ಹೊಸ ಕೂದಲು ಕಪ್ಪಗೇ ಬಂತು, ತೂಕವೂ ನಿಧಾನವಾಗಿ ಏರಿತು.

ಕಾಳು ಜಾಸ್ತಿ ತಿನ್ನಿಸುವವರು ಸುಣ್ಣದ ಅಂಶ ಮರೆಯಬಾರದು. ಕಾಳಿನಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ನಾನು ಸುಣ್ಣದಕಲ್ಲಿನ ಪುಡಿ ಬೆರೆಸಿ ಕ್ಯಾಲ್ಸಿಯಂ ಅನ್ನು ರಂಜಕದ ಒಂದೂವರೆಯಿಂದ ಎರಡು ಪಟ್ಟು ಇರುವ ಹಾಗೆ ನೋಡಿಕೊಳ್ಳುತ್ತೇನೆ. ಇದು ತಪ್ಪಿದರೆ ಬೀಜ ಒಡೆಸಿದ ಹೋರಿಗಳಿಗೆ ಮೂತ್ರದಲ್ಲಿ ಕಲ್ಲು ಕಟ್ಟುವ ಭಯ ಇದ್ದೇ ಇದೆ.

ದನ ನೆಕ್ಕಲೆಂದು ಇಡುವ ಖನಿಜದ ಬಿಲ್ಲೆ ನನಗೆ ಅಷ್ಟು ಇಷ್ಟವಿಲ್ಲ. ಜೋರಿನ ಹೋರಿ ಅಲ್ಲೇ ನಿಂತುಬಿಡುತ್ತದೆ, ಬಡ ಕರುವಿಗೆ ಸಿಗುವುದೇ ಇಲ್ಲ. ಪುಡಿಯನ್ನು ಹಿಂಡಿಯಲ್ಲಿ ಚೆನ್ನಾಗಿ ಕಲಸಿದರೆ ಎಲ್ಲವಕ್ಕೂ ಸಿಗುತ್ತದೆ. ಮೇಯಲು ಬಿಟ್ಟವಕ್ಕೆ ಉಪ್ಪು ಬೆರೆಸಿದ ಪುಡಿಯನ್ನು ಮಳೆ ಬೀಳದ ತೊಟ್ಟಿಯಲ್ಲಿಟ್ಟು, ವಾರಕ್ಕೊಮ್ಮೆ ಉಳಿದದ್ದನ್ನು ತೂಗುತ್ತೇನೆ. ಚೀಲದ ಮೇಲೆ ಬರೆದಷ್ಟು ತಿನ್ನುತ್ತಿವೆಯಾ ಅಂತ ತಿಳಿಯುವುದು ಆಗಲೇ. ಕಡಿಮೆ ತಿಂದರೆ ತೊಟ್ಟಿಯನ್ನು ನೀರಿನ ಹತ್ತಿರ ಇಡುತ್ತೇನೆ, ಮಿತಿಮೀರಿ ತಿಂದರೆ ದೂರಕ್ಕೆ.

ಕುರಿಗಳನ್ನೂ ಸಾಕುವವರಾದರೆ ಈ ತೊಟ್ಟಿ ಅವಕ್ಕೆ ಸಿಗದ ಹಾಗೆ ನೋಡಿಕೊಳ್ಳಿ. ದನಕ್ಕೆ ಸರಿಹೋಗುವ ತಾಮ್ರ ಕುರಿಗೆ ವಿಷ.